ಎದೆಯುರಿ: ಊಟದ ಹೊತ್ತು, ಗುಳಿಗೆಯ ಹೊತ್ತು

ಅಡಕೆ ಕೊಯ್ಲಿನ ದಿನಗಳು ಬಂದವೆಂದರೆ ಶಿರಸಿಯ ನಮ್ಮ ಔಷಧದ ಅಂಗಡಿಗೆ ‘ಗ್ಯಾಸಿನ ಗುಳಿಗೆ ಒಂದು ಪಟ್ಟಿ ಕೊಡಿ’ ಎಂದು ಬರುವವರು ಹೆಚ್ಚುತ್ತಾರೆ. ಹಗಲಿಡೀ ತೋಟದಲ್ಲಿ ಅಡಕೆ ಗೊನೆ ಇಳಿಸಿ ಹೊತ್ತು ತಂದು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರಿಗೆ ಊಟವಾಗುವುದು ಹತ್ತು ಗಂಟೆಯ ಮೇಲೆಯೇ. ಅದಕ್ಕೂ ಮೊದಲು ನಿದ್ದೆ ತಡೆಯಲೆಂದು ಮತ್ತೆ ಮತ್ತೆ ಚಹಾ, ನಡುವೆ ಕವಳ (ಎಲೆಯಡಕೆ). ಉಂಡ ಕೂಡಲೇ ಹಾಸಿಗೆ. ನಡುರಾತ್ರಿಯಲ್ಲಿ ಎದೆಯ ನಡುವೆ ಉರಿ ಎದ್ದು, ಗಂಟಲಿಗೆ ಹುಳಿನೀರು ಬಂದು ಎಚ್ಚರವಾದಾಗ ಎಲ್ಲರೂ ದೂರುವುದು ಸಾರಿನ ಖಾರವನ್ನು. ಫಾರ್ಮಸಿಸ್ಟ್ ಆಗಿ ಈ ಮಾತುಗಳನ್ನು ವರ್ಷಗಟ್ಟಲೆ ಕೇಳಿಸಿಕೊಂಡ ಮೇಲೆ ನನಗೆ ಖಾತ್ರಿಯಾಗಿರುವುದಿಷ್ಟು: ನಮ್ಮ ಕಡೆಯ ಎದೆಯುರಿಗೆ ತಿಂದ ಪದಾರ್ಥಕ್ಕಿಂತ ಉಂಡ ಹೊತ್ತು ಮತ್ತು ಮಲಗಿದ ಹೊತ್ತೇ ಹೆಚ್ಚಿನ ಕಾರಣ. ಗುಳಿಗೆಯ ಮಾತೂ ಹಾಗೆಯೇ. ಸರಿಯಾದ ಗುಳಿಗೆಯನ್ನೇ ತಪ್ಪು ಹೊತ್ತಿನಲ್ಲಿ ನುಂಗಿ ‘ಗುಣ ಕಾಣಲಿಲ್ಲ’ ಎನ್ನುವವರು ಬಹಳ.

ಅನ್ನನಾಳವು ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ದಾಟಿ ಜಠರವನ್ನು ಸೇರುವಲ್ಲಿ ಉಂಗುರದ ಆಕಾರದ ಒಂದು ಸ್ನಾಯುವಿದೆ. ತುತ್ತು ಇಳಿಯುವಾಗ ಅದು ಸಡಿಲಗೊಳ್ಳುತ್ತದೆ, ಇಳಿದ ಮೇಲೆ ಬಿಗಿದುಕೊಳ್ಳುತ್ತದೆ. ಜಠರದ ಒಳಗೋಡೆಗೆ ಆಮ್ಲವನ್ನು ತಾಳಿಕೊಳ್ಳುವ ದಪ್ಪ ಲೋಳೆಯ ಹೊದಿಕೆಯಿದೆ. ಅನ್ನನಾಳಕ್ಕೆ ಅಂಥ ರಕ್ಷಣೆಯಿಲ್ಲ. ಹೊಟ್ಟೆ ಬಿರಿಯುವಂತೆ ಉಂಡಾಗ ಜಠರ ಹಿಗ್ಗಿ, ಆ ಸ್ನಾಯು ನುಂಗದೇ ಇದ್ದಾಗಲೂ ಆಗಾಗ ಸಡಿಲಗೊಳ್ಳುತ್ತದೆ. ಕುಳಿತೋ ನಡೆದಾಡುತ್ತಲೋ ಇದ್ದರೆ ಮೇಲೇರಿದ ಆಮ್ಲ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ, ಉಳಿದದ್ದನ್ನು ನಾವು ನುಂಗುವ ಜೊಲ್ಲು ತೊಳೆದುಬಿಡುತ್ತದೆ. ನಿದ್ದೆಯಲ್ಲಿ ಈ ಎರಡೂ ಇಲ್ಲ: ಮಲಗಿದ ದೇಹದಲ್ಲಿ ಆಮ್ಲಕ್ಕೆ ಇಳಿಜಾರಿಲ್ಲ, ಜೊಲ್ಲು ಸುರಿಯುವುದೂ ಬಹುಮಟ್ಟಿಗೆ ನಿಂತಿರುತ್ತದೆ. ಹಗಲಿನ ಉರಿಗಿಂತ ರಾತ್ರಿಯ ಉರಿ ಅನ್ನನಾಳವನ್ನು ಹೆಚ್ಚು ಕೆಡಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ರಾತ್ರಿಯ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆಯ ಅಂತರವಿರಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ‘ಸುಲಿಯುವ ಕೆಲಸ ಬಿಟ್ಟು ಉಣ್ಣುವುದು ಹೇಗೆ’ ಎಂದು ಕೇಳುತ್ತಾರೆ. ಏಳೂವರೆಗೇ ಉಂಡು ಸುಲಿಯಲು ಕುಳಿತುಕೊಳ್ಳಿ, ಹನ್ನೊಂದಕ್ಕೆ ಹಸಿವೆನಿಸಿದರೆ ನೀರು ಮಜ್ಜಿಗೆಯನ್ನೋ ತೆಳ್ಳಗಿನ ಗಂಜಿಯನ್ನೋ ಸ್ವಲ್ಪವೇ ಕುಡಿಯಿರಿ ಎನ್ನುವುದು ನನ್ನ ಉತ್ತರ. ಮದುವೆಯ ಮನೆಯ ಹೋಳಿಗೆ ತುಪ್ಪ, ಜಾತ್ರೆಯ ಪೇಟೆಯ ಮಿರ್ಚಿ ಭಜಿ, ಕರಾವಳಿಯ ಕಡೆ ಕರಿದ ಮೀನು ಇವೆಲ್ಲ ಉರಿ ತರುವುದು ಮುಖ್ಯವಾಗಿ ಜಿಡ್ಡಿನಿಂದ. ಜಿಡ್ಡು ಜಠರವನ್ನು ನಿಧಾನವಾಗಿ ಖಾಲಿ ಮಾಡಿಸುತ್ತದೆ. ಅವುಗಳನ್ನು ಮಧ್ಯಾಹ್ನ ತಿಂದವರಿಗೆ ಆಗದ ತೊಂದರೆ ರಾತ್ರಿ ತಿಂದವರಿಗೆ ಆಗುವುದುಂಟು. ಕಾಫಿ, ಚಾಕೊಲೇಟ್, ಮದ್ಯ, ಟೊಮೇಟೊ, ಹುಳಿ ಹಣ್ಣುಗಳ ಹೆಸರನ್ನೂ ಎದೆಯುರಿಗೆ ಆಗದವುಗಳ ಪಟ್ಟಿಯಲ್ಲಿ ನೋಡುತ್ತೀರಿ. ಅವೆಲ್ಲವೂ ಎಲ್ಲರಿಗೂ ಆಗದು ಎಂದಲ್ಲ. ಎರಡು ವಾರ ತಿಂದದ್ದನ್ನೂ ಉರಿ ಬಂದ ಹೊತ್ತನ್ನೂ ಬರೆದಿಟ್ಟು, ನಿಮಗೆ ಆಗದದ್ದನ್ನು ಮಾತ್ರ ಬಿಡಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟು ಬಡವಾಗುವ ಹಿರಿಯರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಸಿಗೆಯ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ತಲೆಗೆ ಎರಡು ಮೂರು ದಿಂಬು ಇಟ್ಟುಕೊಂಡರೆ ಕುತ್ತಿಗೆ ಮಾತ್ರ ಏಳುತ್ತದೆ, ಸೊಂಟ ಮಡಚಿಕೊಂಡು ಹೊಟ್ಟೆಯ ಮೇಲೆ ಒತ್ತಡ ಬಿದ್ದು ಉರಿ ಇನ್ನೂ ಹೆಚ್ಚಬಹುದು. ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ, ಜಾರದ ಮರದ ತುಂಡುಗಳನ್ನು ಇಟ್ಟರೆ ಇಡೀ ದೇಹ ಇಳಿಜಾರಾಗುತ್ತದೆ. ನೆಲದ ಮೇಲೆ ಮಲಗುವವರು ಸೊಂಟದಿಂದ ಮೇಲಿನ ಭಾಗಕ್ಕೆ ಕಂಬಳಿಗಳನ್ನು ಮಡಚಿ ಹಾಸಿ, ತಲೆಯ ಕಡೆಗೆ ಹೋದಂತೆ ಎತ್ತರಿಸಿಕೊಳ್ಳಬಹುದು. ಎಡ ಮಗ್ಗುಲಿಗೆ ಮಲಗುವುದರಿಂದಲೂ ಪ್ರಯೋಜನವಿದೆ. ಆಗ ಜಠರದ ಆಮ್ಲ ಅನ್ನನಾಳ ಸೇರುವ ಜಾಗಕ್ಕಿಂತ ಕೆಳಗೆ ಉಳಿಯುತ್ತದೆ. ಬಲ ಮಗ್ಗುಲಿಗೆ ಹೊರಳಿದರೆ ಇದು ತಿರುಗುಮುರುಗಾಗುತ್ತದೆ.

ಸೊಂಟದ ಸುತ್ತ ಬೊಜ್ಜಿರುವವರು ತೂಕ ಇಳಿಸಿದರೆ ಉರಿಯೂ ಇಳಿಯುತ್ತದೆ. ಕವಳದಲ್ಲಿ ಹೊಗೆಸೊಪ್ಪು ಹಾಕುವವರು ಅದನ್ನು ಬಿಡಬೇಕು, ಬೀಡಿ ಸಿಗರೇಟನ್ನೂ ಬಿಡಬೇಕು. ನಿಕೋಟಿನ್ ಅನ್ನನಾಳದ ತುದಿಯ ಆ ಉಂಗುರ ಸ್ನಾಯುವನ್ನು ಸಡಿಲಗೊಳಿಸುತ್ತದೆ.

ಮನೆಮದ್ದಿನ ವಿಷಯ ಬಂದಾಗ ನಮ್ಮಲ್ಲಿ ಮೊದಲು ನೆನಪಾಗುವುದು ಮುರುಗಲ (ಕೋಕಂ) ಹಣ್ಣಿನ ಪಾನಕ. ಬೇಸಿಗೆಯಲ್ಲಿ ಅದನ್ನು ಕುಡಿದರೆ ಆಗುವ ಹಿತ ನನಗೂ ಗೊತ್ತು, ಆದರೆ ಅದು ಸ್ವತಃ ಹುಳಿಯೇ ಆದ್ದರಿಂದ ಉರಿ ಎದ್ದಿರುವ ಹೊತ್ತಿನಲ್ಲಿ ಕೆಲವರಿಗೆ ಕಿರುಕುಳ ಹೆಚ್ಚುತ್ತದೆ. ಮಾವಿನಕಾಯಿಯ ಅಪ್ಪೆಹುಳಿಗೂ ಇದೇ ಮಾತು. ಒಂದೆಲಗದ ತಂಬುಳಿಯನ್ನು ಹುಳಿಯಿಲ್ಲದ ಮಜ್ಜಿಗೆಯಲ್ಲಿ ಮಾಡಿ, ಮೆಣಸು ಕಡಿಮೆ ಹಾಕಿ ಅನ್ನದೊಂದಿಗೆ ಉಂಡರೆ ಹೆಚ್ಚಿನವರಿಗೆ ಒಗ್ಗುತ್ತದೆ. ತಣ್ಣನೆಯ ಹಾಲು ಕುಡಿದ ಕೂಡಲೇ ಉರಿ ತಗ್ಗುವುದು ನಿಜ. ಆದರೆ ಹಾಲಿನ ಪ್ರೋಟೀನು ಮತ್ತು ಸುಣ್ಣದಂಶ ಜಠರದಲ್ಲಿ ಮತ್ತೆ ಆಮ್ಲ ಸುರಿಯುವಂತೆ ಮಾಡುತ್ತವೆ, ಹಾಗಾಗಿ ಮಲಗುವ ಮುನ್ನ ದೊಡ್ಡ ಲೋಟದಲ್ಲಿ ಕುಡಿಯುವ ಹಾಲು ಒಳ್ಳೆಯ ಉಪಾಯವಲ್ಲ. ಹೊಟ್ಟೆಯುಬ್ಬರಕ್ಕೆ ಕೊಡುವ ಪುದೀನಾ ಅರ್ಕವೂ ಆ ಉಂಗುರ ಸ್ನಾಯುವನ್ನು ಸಡಿಲಿಸುವುದರಿಂದ ಎದೆಯುರಿಯವರಿಗೆ ಆಗಿಬರುವುದಿಲ್ಲ.

ಇನ್ನು ಅಂಗಡಿಯ ಔಷಧಗಳು. ಡೈಜೀನ್, ಜೆಲುಸಿಲ್ ಮುಂತಾದ ಆಂಟಾಸಿಡ್‌ಗಳಲ್ಲಿರುವ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಲವಣಗಳು ಈಗಾಗಲೇ ಇರುವ ಆಮ್ಲವನ್ನು ನಿಮಿಷಗಳಲ್ಲಿ ತಣಿಸುತ್ತವೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅವು ಬೇಗನೆ ಕರುಳಿಗೆ ಇಳಿದುಹೋಗಿ ಸುಮಾರು ಅರ್ಧ ಗಂಟೆಯಲ್ಲಿ ಗುಣ ಮುಗಿಯುತ್ತದೆ. ಊಟವಾದ ಒಂದು ಗಂಟೆಗೆ ತೆಗೆದುಕೊಂಡರೆ ಎರಡು ಮೂರು ಗಂಟೆ ಉಳಿಯುತ್ತದೆ. ಮೆಗ್ನೀಸಿಯಂ ಭೇದಿಯನ್ನೂ ಅಲ್ಯೂಮಿನಿಯಂ ಮಲಬದ್ಧತೆಯನ್ನೂ ತರಬಲ್ಲದು, ಮೂತ್ರಪಿಂಡದ ಕಾಯಿಲೆಯಿರುವವರು ಎರಡನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು. ನೀರಿಗೆ ಹಾಕಿದರೆ ನೊರೆಯುಕ್ಕುವ ಸೋಡಾ ಪುಡಿಯ ಒಂದು ಪೊಟ್ಟಣದಲ್ಲಿ 800 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇರುತ್ತದೆ. ದಿನವಿಡೀ 2000 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಅದನ್ನು ದೂರವಿಡಲಿ.

ಆಲ್ಜಿನೇಟ್ ಇರುವ ಔಷಧಗಳು ಬೇರೆ ಬಗೆಯವು. ಇವನ್ನು ಕಂದು ಬಣ್ಣದ ಕಡಲ ಪಾಚಿಯಿಂದ ತೆಗೆಯುತ್ತಾರೆ. ಕಾರವಾರದ ಕಡಲ ಬಂಡೆಗಳಿಗೆ ಅಂಟಿ ಬೆಳೆಯುವ ಸಾರ್ಗಾಸಂ ಕೂಡ ಅದೇ ಗುಂಪಿನದು. ಜಠರದ ಆಮ್ಲ ತಾಗಿದೊಡನೆ ಆಲ್ಜಿನೇಟ್ ಹೆಪ್ಪುಗಟ್ಟಿ, ಉಂಡ ಅನ್ನದ ಮೇಲೆ ತೆಪ್ಪದಂತೆ ತೇಲುತ್ತ ಆಮ್ಲ ಮೇಲೇರದಂತೆ ತಡೆಯುತ್ತದೆ. ತೇಲಲು ಕೆಳಗೆ ಊಟವಿರಬೇಕು, ಆದ್ದರಿಂದ ಊಟದ ನಂತರ ಮತ್ತು ಮಲಗುವ ಮುನ್ನ ಇದರ ಹೊತ್ತು.

ಫ್ಯಾಮೋಟಿಡಿನ್ ಆಮ್ಲ ಸುರಿಯುವುದನ್ನೇ ಕಡಿಮೆ ಮಾಡುತ್ತದೆ. ಗುಣ ಕಾಣಲು ಸುಮಾರು ಒಂದು ಗಂಟೆ ಬೇಕು, ಹತ್ತು ಹನ್ನೆರಡು ಗಂಟೆ ನಿಲ್ಲುತ್ತದೆ. ದಿನವೂ ನುಂಗಿದರೆ ಒಂದೆರಡು ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗಿ ಪರಿಣಾಮ ತಗ್ಗುತ್ತದೆ. ಹಳಬರು ಈಗಲೂ ಕೇಳುವ ರಾನಿಟಿಡಿನ್‌ನಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಕಂಡುಬಂದು ಅಮೆರಿಕ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಸಿತು, ಭಾರತ 2022ರಲ್ಲಿ ಅಗತ್ಯ ಔಷಧಗಳ ಪಟ್ಟಿಯಿಂದ ಕೈಬಿಟ್ಟಿತು.

ಹೆಚ್ಚು ಗೊಂದಲವಿರುವುದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳ ವಿಷಯದಲ್ಲಿ. ‘ಪ್ಯಾನ್’ ಎಂದು ಕೇಳಿ ಒಯ್ಯುವ ಈ ಗುಳಿಗೆಗಳು ನಮ್ಮ ಕಾನೂನಿನಂತೆ ವೈದ್ಯರ ಚೀಟಿಯ ಮೇಲೆ ಕೊಡಬೇಕಾದವು. ಊಟಕ್ಕೆಂದು ಜಠರ ಸಿದ್ಧವಾಗುವಾಗ ಕೆಲಸಕ್ಕಿಳಿಯುವ ಆಮ್ಲದ ಪಂಪುಗಳನ್ನು ಮಾತ್ರ ಇವು ಹಿಡಿದು ನಿಲ್ಲಿಸುತ್ತವೆ. ಆದ್ದರಿಂದ ಬೆಳಗಿನ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಉರಿ ಎದ್ದ ಮೇಲೆ ನಡುರಾತ್ರಿ ನುಂಗಿದರೆ ಆ ರಾತ್ರಿಗೆ ಏನೂ ಸಿಗದು. ಪೂರ್ಣ ಪರಿಣಾಮಕ್ಕೆ ಒಂದರಿಂದ ನಾಲ್ಕು ದಿನ ಬೇಕು. ಒಮೆಪ್ರಜೋಲನ್ನು ಚೀಟಿಯಿಲ್ಲದೆ ಮಾರುವ ಅಮೆರಿಕದಲ್ಲಿಯೂ 14 ದಿನ ಮಾತ್ರ, ಮತ್ತೆ ಬೇಕಾದರೆ ನಾಲ್ಕು ತಿಂಗಳ ಬಳಿಕ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ನಮ್ಮ ಹಳ್ಳಿಗಳಲ್ಲಿ ವರ್ಷಗಟ್ಟಲೆ ನುಂಗುತ್ತಿರುವ ಮನೆಗಳಿವೆ. ದೀರ್ಘಕಾಲದ ಬಳಕೆಯಿಂದ ಬಿ12 ಮತ್ತು ಮೆಗ್ನೀಸಿಯಂ ಕುಸಿಯಬಹುದು. ಥಟ್ಟನೆ ನಿಲ್ಲಿಸಿದರೆ ಆಮ್ಲ ಕೆಲವು ವಾರ ಹಿಂದಿಗಿಂತಲೂ ಹೆಚ್ಚು ಸುರಿಯಬಹುದು. ಅದನ್ನು ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಶುರುಮಾಡುವ ಬದಲು, ವೈದ್ಯರ ಸಲಹೆಯಂತೆ ಮೆಲ್ಲಗೆ ಇಳಿಸಿಕೊಳ್ಳಬೇಕು.

ಬೇರೆ ಔಷಧಗಳೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಮೈಕೈ ನೋವಿಗೆಂದು ಕೊಯ್ಲಿನ ದಿನಗಳಲ್ಲಿ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಹೊಟ್ಟೆಯನ್ನು ಕೆಡಿಸುತ್ತವೆ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳದಲ್ಲಿಯೇ ಸಿಕ್ಕಿ ಹುಣ್ಣು ಮಾಡಬಲ್ಲದು. ದೊಡ್ಡ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆಯಾದರೂ ಕುಳಿತಿರಬೇಕು. ಆಂಟಾಸಿಡ್‌ಗೂ ಈ ಗುಳಿಗೆಗೂ, ಕಬ್ಬಿಣದ ಮಾತ್ರೆಗೂ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ.

ಎದೆಯುರಿ ಎಂದು ಹೇಳಿಕೊಂಡು ಬಂದವರಲ್ಲಿ ನಾನು ಗುಳಿಗೆ ಕೊಡದೆ ಕಳುಹಿಸುವವರೂ ಇದ್ದಾರೆ. ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಉಬ್ಬಸ, ನಡೆದಾಗ ಹೆಚ್ಚಿ ನಿಂತಾಗ ತಗ್ಗುವ ನೋವು, ಇವು ಹೃದಯದವು ಆಗಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ಇವು ಬರೀ ಹುಳಿತೇಗು, ಸುಸ್ತಿನಂತೆಯೂ ಕಾಣಬಹುದು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಮಣಿಪಾಲ ಇನ್ನೂ ದೂರ. ಸೋಡಾ ಪುಡಿ ಕುಡಿದು ಕಾದು ನೋಡುವ ಒಂದು ಗಂಟೆ ನಮ್ಮ ಜಿಲ್ಲೆಯಲ್ಲಿ ಬಹಳ ದುಬಾರಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ.

ತುತ್ತು ಗಂಟಲಲ್ಲಿ ನಿಂತಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನ ಬಣ್ಣದ ಮಲ, ರಕ್ತಹೀನತೆ ಇದ್ದರೆ, ಅಥವಾ 50 ದಾಟಿದ ಮೇಲೆ ಹೊಸದಾಗಿ ಉರಿ ಶುರುವಾಗಿದ್ದರೆ ಎಂಡೋಸ್ಕೋಪಿ ಬೇಕಾಗಬಹುದು. ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಉರಿ ಬರುತ್ತಿದ್ದರೂ ವೈದ್ಯರಿಗೆ ತೋರಿಸಿ. ಹೋಗುವಾಗ ಊಟದ ಹೊತ್ತು ಬರೆದಿಟ್ಟ ಆ ಹಾಳೆಯನ್ನೂ, ಮನೆಯಲ್ಲಿ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.