ಮನೆ ಮುಂದೆ ಹೊಳೆ ಇದ್ದೂ ಟ್ರೌಟ್ ಹಿಂದೆ ಯಾಕೆ ಹೋದೆ?

"ತಮ್ಮಾ, ಮನಿ ಮುಂದ ಹೊಳಿ ಇಟ್ಕೊಂಡು ಒಂದ್ ಮೀನಿಗೆ ಹಿಮಾಚಲತನಕ ಹೋಗ್ತಾರೇನೋ?" ಮುನಿರಾಬಾದಿನ ನಮ್ಮ ಮಾವ ಹೀಗೆ ಶುರು ಮಾಡಿದರು. ಆಮೇಲೆ ಗಂಗಾವತಿ ಗೆಳೆಯರು, ಆಫೀಸಿನವರು, ಎಲ್ಲರದೂ ಅದೇ ಪ್ರಶ್ನೆ. ಮಾರ್ಚ್ ಮೊದಲ ವಾರ ಕುಲ್ಲು ಜಿಲ್ಲೆಯ ತೀರ್ಥನ್ ನದಿಯಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕಿಕೊಂಡು ಒಂದಿಡೀ ದಿನ ನಡುಗುತ್ತಾ ನಿಂತು ಬಂದಿದ್ದೆ, ಅದಕ್ಕೆ.

ತುಂಗಭದ್ರೆಯಲ್ಲಿ ಟ್ರೌಟ್ ಬದುಕಲ್ಲ ಸ್ವಾಮಿ. ಅದಕ್ಕೆ ತಣ್ಣಗೆ ಹರಿಯುವ, ಆಕ್ಸಿಜನ್ ಜಾಸ್ತಿ ಇರುವ ನೀರೇ ಬೇಕು. ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತೆ. ಏಪ್ರಿಲ್‌ನಲ್ಲಿ ನಮ್ಮ ಡ್ಯಾಮಿನ ಅಂಚಿಗೆ ಕಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಂತ ಕುಲ್ಲು ಕಡೆಯ ಮೂಲದ್ದೂ ಅಲ್ಲ ಅದು, 1909ರ ಹೊತ್ತಿಗೆ ಬ್ರಿಟಿಷರು ತಂದು ಬಿಟ್ಟದ್ದು.

ಚಳಿಯಲ್ಲೇ ಯಾಕೆ ಅಂದ್ರೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ, ಮೊಟ್ಟೆ ಇಡುವ ಕಾಲ. ಮಾರ್ಚ್ ಬಂದ ಕೂಡಲೇ ಲೈಸೆನ್ಸ್ ಮಾಡಿಸಿ ಇಳಿದೆ. ನಮ್ಮ ಕೊಪ್ಪಳದ ಚಳಿ ಒಂಬತ್ತು ಗಂಟೆಗೆ ಸ್ವೆಟರ್ ಬಿಚ್ಚಿಸುತ್ತೆ, ಅಲ್ವಾ? ಅಲ್ಲಿ ಒಂಬತ್ತಕ್ಕೆ ಗಾಳದ ಕೋಲಿನ ಉಂಗುರಗಳಲ್ಲಿ ಐಸ್ ಕಟ್ಟಿ ದಾರ ಸರಿಯದೆ ನಿಂತಿತ್ತು. ಕೋಲನ್ನೇ ನೀರಲ್ಲಿ ಅದ್ದಿ ಕರಗಿಸಿದೆ. ಬೆರಳು ಮರಗಟ್ಟಿ ಒಂದು ಗಂಟು ಹಾಕೋಕೆ ಐದು ನಿಮಿಷ.

ನಾನು ಅಲ್ಲಿ ಮಾಡಿದ್ದು ಫ್ಲೈ ಫಿಶಿಂಗ್. ಫ್ಲೈ ಅಂದ್ರೆ ನಿಜವಾದ ನೊಣ ಅಲ್ಲ. ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಳದಂಥ ಗೊಂಬೆ. ಎರೆಹುಳ ಚುಚ್ಚಿ, ಸೀಸದ ಗುಂಡು ಕಟ್ಟಿ, ಬೆಂಡು ನೋಡ್ತಾ ಕೂತು ಬೆಳೆದವನು ನಾನು. ಇಲ್ಲಿ ತೂಕ ಇರೋದೇ ದಾರದಲ್ಲಿ. ಅದನ್ನು ಹಿಂದಕ್ಕೆ ಬೀಸಿ, ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳೋವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಕಾಯೋದೇ ನನಗೆ ಬರಲ್ಲ. ಬೆನ್ನಿಗೆ ಎರಡು ಸಲ ಕೊಕ್ಕೆ ಸಿಕ್ಕಿತು, ಜಾಕೆಟ್ ಉಳಿಸಿತು.

ಚಳಿಗೆ ಮೀನೂ ಮಂಕಾಗುತ್ತೆ. ಆಳದ ಮಡುವಿನ ತಳ ಬಿಟ್ಟು ಏಳಲ್ಲ, ಊಟ ಬಾಯಿ ಮುಂದೆಯೇ ಬರಬೇಕು. ಅದಕ್ಕೇ ಭಾರದ ಗೊಂಬೆಯನ್ನು ಕಲ್ಲು ಸವರಿಕೊಂಡು ಹೋಗುವಂತೆ ತೇಲಿಬಿಡಬೇಕು. ಮಧ್ಯಾಹ್ನದವರೆಗೆ ಏನೂ ಇಲ್ಲ. ಒಂದೂವರೆ ಹೊತ್ತಿಗೆ ಬಿಸಿಲು ಮಡುವಿನ ಮೇಲೆ ಬಿತ್ತು, ದಾರ ಸುಮ್ನೆ ನಿಂತಿತು. ಕಲ್ಲಿಗೆ ಸಿಕ್ಕಿತೇನೋ ಅಂತ ಎತ್ತಿದೆ, ಕಲ್ಲು ತಲೆ ಕೊಡವಿತು!

ಒಂದು ಗೇಣುದ್ದದ ಬ್ರೌನ್ ಟ್ರೌಟ್. ಅದರ ಮೈಮೇಲಿನ ಲೋಳೆ ಕಿತ್ತು ಹೋಗಬಾರದು ಅಂತ ಮೊದಲು ಕೈ ಒದ್ದೆ ಮಾಡಿಕೊಂಡು ಹಿಡಿದೆ. ಬೆಣ್ಣೆ ಬಣ್ಣದ ಮಗ್ಗುಲು, ಕಪ್ಪು ಚುಕ್ಕೆ, ನಡುವೆ ಕೆಂಪು ಚುಕ್ಕೆ, ಒಂದೊಂದು ಕೆಂಪಿನ ಸುತ್ತ ತೆಳು ಬಿಳಿ ಬಳೆ. ಇಷ್ಟು ನೋಡಿ ಬಿಟ್ಟೆ. ಇದನ್ನು ನೋಡೋಕೇ ಹೋಗಿದ್ದು, ಅಷ್ಟೇ ನನ್ನ ಉತ್ತರ.

ಮಾವನಿಗೆ ಇದು ಹಿಡಿಸಲಿಲ್ಲ. "ಹಿಡದ್ ಬಿಟ್ಟಿ? ಸಾರಿಗೂ ಇಲ್ಲ?" ಅಂದವರು, ಮರುದಿನ ತಾವೇ ಆ ಕೋಲು ಇಸಿದುಕೊಂಡು ಜಿಲೇಬಿ ಮೀನಿಗೆ ಅಂತ ಎಡದಂಡೆ ಕಾಲುವೆಗೆ ಹೊರಟರು. ಮೊದಲ ಬೀಸಿಗೇ ಗೊಂಬೆ ಹಿಂದಿನ ಜಾಲಿಗಿಡದಲ್ಲಿ. ಇನ್ನೂ ಅಲ್ಲೇ ಇದೆ.