ಚಪ್ಪಲಿ ಪಕ್ಕ ಒಬ್ಬ ಗನ್‌ಮ್ಯಾನ್

ಸೋಮವಾರ ದೇವಸ್ಥಾನದ ಸಾಲು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಅಡ್ಡ ಹಗ್ಗ ಹಿಡಿದರು. ಯಾವುದೋ ನಿಗಮದ ಅಧ್ಯಕ್ಷರು ಬರ್ತಿದ್ದಾರಂತೆ, ಸಂಪುಟ ದರ್ಜೆಯಂತೆ. ಮುಂದೊಂದು ಪೊಲೀಸ್ ಜೀಪು, ಹಿಂದೆ ಬೆಂಬಲಿಗರ ಕಾರುಗಳು. ಕಾರು ಪೂರ್ತಿ ನಿಲ್ಲುವ ಮೊದಲೇ ಸಫಾರಿ ಸೂಟಿನ ಗನ್‌ಮ್ಯಾನ್ ಜಿಗಿದು ಬಾಗಿಲು ತೆಗೆದ. ಇಳಿದವರು ಯಾರು ಅಂತ ಸಾಲಿನಲ್ಲಿ ನಮ್ಮ ಹಿಂದೆಮುಂದೆ ಇದ್ದ ಯಾರಿಗೂ ಗೊತ್ತಿರಲಿಲ್ಲ. ಹೆಸರೇ ಗೊತ್ತಿಲ್ಲದವರ ಮೇಲೆ ಹಗೆ ಸಾಧಿಸೋಕೆ ಯಾರು ಬರ್ತಾರೆ ಹೇಳಿ.

ಆಮೇಲೆ ನಡೆದದ್ದು ಇನ್ನೂ ಮಜಾ. ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಹೋದರು. ಸೊಂಟದಲ್ಲಿ ಪಿಸ್ತೂಲು, ಚರ್ಮದ ಬೆಲ್ಟು, ಕಾಲಲ್ಲಿ ಶೂ. ಹಾಗಾಗಿ ಗನ್‌ಮ್ಯಾನ್ ಮೆಟ್ಟಿಲ ಕೆಳಗೇ ಉಳಿದ. ಒಳಗೆ ಕಾಲಿಡೋಕೂ ಜಾಗವಿಲ್ಲದಷ್ಟು ಜನ. ಅಪಾಯ ಅನ್ನೋದು ಇದ್ದರೆ ಅಲ್ಲೇ ಇರಬೇಕು, ಅಲ್ವಾ? ರಕ್ಷಣೆ ಮಾತ್ರ ಹೊರಗೆ, ಒಂದು ಜೊತೆ ಚಪ್ಪಲಿಯ ಪಕ್ಕ. ಯಾರೋ ಹುಡುಗ ಅದನ್ನು ಎಡವಿದ. ಗನ್‌ಮ್ಯಾನ್ ಬಗ್ಗಿ ಎರಡನ್ನೂ ಜೋಡಿಸಿಟ್ಟ.

ಸಾಲು ಹೇಗೂ ಅಲುಗಾಡುತ್ತಿರಲಿಲ್ಲ. ಕೇಳಿಯೇಬಿಟ್ಟೆ, "ನಿಮ್ಮ ಸಾಹೇಬ್ರಿಗೆ ಯಾರಿಂದ ಸರ್ ಅಪಾಯ?"

ಅವರಿಗೆ ಬೇಜಾರಾಗಲಿಲ್ಲ. "ಅವ್ರನ್ನ ಒಳಗೆ ದೇವ್ರು ನೋಡ್ಕೋತಾನೆ, ಚಪ್ಪಲಿನ ಹೊರಗೆ ನಾನು ನೋಡ್ಕೋತೀನಿ. ಇನ್ನೇನ್ ಅಪಾಯ ಸರ್" ಅಂದರು.

ಜೊತೆಗಿದ್ದ ಅಮ್ಮ ಜೋರಾಗಿ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ತಲೆಯಿಂದ ಹೋಗಲೇ ಇಲ್ಲ. ಚಪ್ಪಲಿನ ಹೊರಗೆ ನಾನು ನೋಡ್ಕೋತೀನಿ. ತಿಂಗಳುಗಟ್ಟಲೆ ಪರೇಡು ಮಾಡಿ, ಗುರಿ ಇಟ್ಟು ಗುಂಡು ಹೊಡೆಯೋದು ಕಲಿತ ಮನುಷ್ಯ ಆಡುವ ಮಾತಾ ಇದು? ಆ ತರಬೇತಿಗೂ ದುಡ್ಡು ನಮ್ಮದೇ.

ನಮ್ಮ ಏರಿಯಾದಲ್ಲಿ ಮನೆಗಳ್ಳತನವಾದಾಗ ಠಾಣೆಯಲ್ಲಿ ಸಿಕ್ಕ ಉತ್ತರ ಇದು: "ಸ್ಟಾಫ್ ಇಲ್ಲ, ಎಲ್ಲ ಬಂದೋಬಸ್ತ್‌ಗೆ ಹೋಗಿದ್ದಾರೆ." ಸುಮ್ನೆ ನೆಪ ಹೇಳ್ತಾರೆ ಅಂದುಕೊಂಡಿದ್ದೆ. ಪೊಲೀಸ್ ಸಂಶೋಧನಾ ಬ್ಯೂರೋದ 2016ರ ಲೆಕ್ಕ ನೋಡಿದರೆ ಪೂರ್ತಿ ನೆಪವೂ ಅಲ್ಲ. ದೇಶದಲ್ಲಿ ಸುಮಾರು 20,800 ಗಣ್ಯರ ಕಾವಲಿಗೆ ಸುಮಾರು 57,000 ಪೊಲೀಸರಿದ್ದರು. ಅಂದರೆ ಒಬ್ಬ ಗಣ್ಯರಿಗೆ ಹತ್ತಿರಹತ್ತಿರ ಮೂರು ಜನ. ಉಳಿದ ನಮಗೆ 663 ಮಂದಿಗೆ ಒಬ್ಬರು.

ರಕ್ಷಣೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಇಂದಿರಾ ಗಾಂಧಿ ಹತ್ಯೆಯಾದ ಮರುವರ್ಷ, 1985ರಲ್ಲಿ, ಪ್ರಧಾನಿಯ ಕಾವಲಿಗೆಂದೇ ಎಸ್‌ಪಿಜಿ ಅನ್ನೋ ವಿಶೇಷ ಪಡೆ ಹುಟ್ಟಿತು. ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡ ಮೇಲೆ ಅವರ ಎಸ್‌ಪಿಜಿ ರಕ್ಷಣೆ ಹೋಯಿತು, 1991ರಲ್ಲಿ ಏನಾಯಿತು ಅನ್ನೋದು ಎಲ್ಲರಿಗೂ ಗೊತ್ತು. 2022ರ ಮೇನಲ್ಲಿ ಪಂಜಾಬ್ ಸರ್ಕಾರ ಒಂದೇ ಏಟಿಗೆ 424 ಜನರ ಭದ್ರತೆ ಕಡಿತ ಮಾಡಿತು. ಪಟ್ಟಿ ಹೊರಗೆ ಬಂತು. ಮರುದಿನವೇ ಆ ಪಟ್ಟಿಯಲ್ಲಿದ್ದ ಗಾಯಕ ಸಿಧು ಮೂಸೆವಾಲಾ ಕೊಲೆಯಾಯಿತು. ಯಾರಿಗೆ ನಿಜವಾಗಿ ಬೆದರಿಕೆ ಇದೆ, ಯಾರಿಗೆ ಬರೀ ಬಿಲ್ಡಪ್ಪು ಅಂತ ಬೇರೆ ಮಾಡಿ ನೋಡದೆ ಇಡೀ ಪಟ್ಟಿಗೆ ಕತ್ತರಿ ಹಾಕಿದರೆ, ಅದನ್ನು ಊರಿಗೆಲ್ಲ ಸಾರಿದರೆ ಹೀಗಾಗುತ್ತದೆ. ಆದರೆ ನಮ್ಮ ರಾಜಕಾರಣಿಗಳು ಈ ಉದಾಹರಣೆಯನ್ನು ಚಪ್ಪಲಿ ಕಾಯಿಸೋದಕ್ಕೂ ಬಳಸಿಕೊಳ್ಳುತ್ತಾರೆ.

2017ರ ಮೇ 1ರಿಂದ ಗಣ್ಯರ ಕಾರುಗಳ ಕೆಂಪು ದೀಪ ಹೋಯಿತು. ವಿಐಪಿ ಸಂಸ್ಕೃತಿಯೇ ಹೋಯ್ತು ಅಂತ ನಾವೆಲ್ಲ ಖುಷಿಪಟ್ಟೆವು. ಕಾರಿನ ತಲೆ ಮೇಲಿನದು ಇಳಿಯಿತು, ಅಷ್ಟೇ. ಸಾಹೇಬರ ದೊಡ್ಡಸ್ತಿಕೆಗೆ ಈಗ ಗನ್‌ಮ್ಯಾನ್ ಸಾಕು. 2023ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರಿನಲ್ಲಿ ತಮಗೆ ಝೀರೋ ಟ್ರಾಫಿಕ್ ಬೇಡ, ಅಂದರೆ ತಮಗೋಸ್ಕರ ಬೇರೆ ವಾಹನ ತಡೆಯೋದು ಬೇಡ ಅಂದರು. ಒಳ್ಳೆಯದೇ. ಆದರೆ ಮುಖ್ಯಮಂತ್ರಿ ಬೇಡ ಅಂದಿದ್ದನ್ನು ನಿಗಮದ ಅಧ್ಯಕ್ಷರೂ ಬೇಡ ಅನ್ನಬೇಕಲ್ಲ!

ಇದರಲ್ಲಿ ನಮ್ಮವರ ಪಾಲೂ ಕಡಿಮೆಯೇನಿಲ್ಲ. ನನ್ನ ಭಾವನಿಗೆ ಈ ಕತೆ ಹೇಳಿದರೆ, "ಗನ್‌ಮ್ಯಾನ್ ಇಲ್ದಿದ್ರೆ ಅವ್ರನ್ನ ಆಫೀಸಲ್ಲಿ ಯಾರು ಮಾತಾಡಿಸ್ತಾರೆ? ಕೆಲಸ ಆಗ್ಬೇಕಲ್ಲ" ಅಂದ. ಅವನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ, ಅವನು ಹೇಳಿದ್ದು ಸುಳ್ಳಲ್ಲ ಅನ್ನೋದಕ್ಕೇ ಜಾಸ್ತಿ ಬಂತು.

ಉದ್ಯಮಿ ಮುಕೇಶ್ ಅಂಬಾನಿಗೆ ಝಡ್ ಪ್ಲಸ್ ಅನ್ನೋ ಬಿಗಿ ಭದ್ರತೆ ಇದೆ, ಅದರ ಖರ್ಚು ಅವರೇ ಕೊಡುತ್ತಾರೆ. ಬೆದರಿಕೆಯ ವರದಿ ಇಲ್ಲದೆಯೂ ಗನ್‌ಮ್ಯಾನ್ ಬೇಕು ಅನ್ನುವ ಸಾಹೇಬರಿಗೂ ಆ ಬಿಲ್ಲು ಕಳಿಸಬಹುದು: ಕಾನ್‌ಸ್ಟೆಬಲ್ ಸಂಬಳ, ಭತ್ಯೆ, ಜೀಪಿನ ಡೀಸೆಲ್, ಎಲ್ಲ ಸೇರಿಸಿ, ಪ್ರತಿ ತಿಂಗಳು. ಎಷ್ಟು ಜನ ಕಟ್ಟುತ್ತಾರೋ ನೋಡೋಣ. ಕಟ್ಟದವರ ಗನ್‌ಮ್ಯಾನ್‌ಗಳನ್ನು ನಮ್ಮ ಠಾಣೆಗೆ ಕಳಿಸಲಿ, ರಾತ್ರಿ ಬೀಟಿಗೆ ಜನ ಸಾಲುತ್ತಿಲ್ಲ.