ಮನೆಯಲ್ಲೇ ಏನು ಶುರು ಮಾಡಲಿ? ಕಕ್ಕಡದಲ್ಲಿ ನಡೆಯುವಂಥದ್ದನ್ನು

"ಮನೆಯಲ್ಲೇ ಇದ್ದು ಏನಾದರೂ ಮಾಡಬೇಕು ಅಂತಿದ್ದೀನಿ. ಕೊಡಗಿನಲ್ಲಿ ಯಾವುದು ನಡೆಯುತ್ತೆ?"

ಈ ಪ್ರಶ್ನೆ ಹೆಚ್ಚಾಗಿ ಬರುವುದು ಡಿಸೆಂಬರಿನಲ್ಲಿ. ಆಗ ರಾಜಾಸೀಟಿನ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಮಸಾಲೆ ಅಂಗಡಿಗಳ ಮುಂದೆ ಬೆಂಗಳೂರಿನ ಕಾರುಗಳು ಸಾಲುಗಟ್ಟಿರುತ್ತವೆ, ಏನು ಮಾಡಿಟ್ಟರೂ ಖರ್ಚಾಗುತ್ತದೆ ಅನ್ನಿಸುತ್ತದೆ. ಆದ್ದರಿಂದ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನೀವಂದುಕೊಂಡಿರುವುದು ಕಕ್ಕಡದಲ್ಲಿ ನಡೆಯುತ್ತದೆಯೇ? ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ಬಿಸಿಲಿಲ್ಲ, ತಂತಿ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲ, ಹೆಚ್ಚು ಪ್ರವಾಸಿಗರಿಲ್ಲ. ಜಿಲ್ಲೆಗೆ ರೈಲಂತೂ ಮೊದಲೇ ಇಲ್ಲ. ಘಾಟಿಯಲ್ಲಿ ಮಣ್ಣು ಜರಿದರೆ ಪಾರ್ಸೆಲ್ ಅಲ್ಲೇ ನಿಂತಿತು. ಅಂಥ ತಿಂಗಳಲ್ಲೂ ಮಾಡಲು, ಕೆಡದಂತೆ ಇಡಲು, ಗಿರಾಕಿಗೆ ತಲುಪಿಸಲು ಆಗುವ ಸಾಮಾನಾದರೆ ಮುಂದಿನ ಲೆಕ್ಕಕ್ಕೆ ಕೂರಬಹುದು.

ಈ ಪರೀಕ್ಷೆಯಲ್ಲಿ ಮೊದಲು ಬೀಳುವುದು ಎಲ್ಲರಿಗೂ ಮೊದಲು ಹೊಳೆಯುವ ಹೋಂಮೇಡ್ ಚಾಕೊಲೇಟ್. ಹೆಚ್ಚಿನವರು ಮಾಡುವುದು ಕಾಂಪೌಂಡ್ ಗಟ್ಟಿಯನ್ನು ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸ. ಕರಗಿಸುವಾಗ ಒಂದು ಹನಿ ನೀರು ಬಿದ್ದರೂ ಇಡೀ ಪಾತ್ರೆಯದು ಮರಳುಮರಳಾಗಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದ ತುಂಡಿನ ಮೇಲೆ ಹಬೆ ಕೂತು, ಸಕ್ಕರೆ ಕರಗಿ, ಆರಿದ ಮೇಲೆ ಬೂದು ಬಡಿದ ಹಾಗೆ ಬಿಳಿ ಕಟ್ಟುತ್ತದೆ. ತಿಂದರೆ ತೊಂದರೆಯಿಲ್ಲ, ಆದರೆ ಹಣ ಕೊಟ್ಟು ಕೊಳ್ಳುವವರು ಅದನ್ನು ಬೂಷ್ಟು ಅಂದುಕೊಳ್ಳುತ್ತಾರೆ. ಇನ್ನೊಂದು: ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬಿನಲ್ಲಿ ಮಾಡಿದ ಕಾಂಪೌಂಡಿಗೆ ಬರೀ 'ಚಾಕೊಲೇಟ್' ಎಂದು ಲೇಬಲ್ ಹಚ್ಚುವುದು ನಿಯಮಕ್ಕೆ ವಿರುದ್ಧ.

ಮನೆ ವೈನ್ ಬಗ್ಗೆ ಎರಡೇ ಮಾತು. ಅಬಕಾರಿ ಲೈಸೆನ್ಸ್ ಇಲ್ಲದೆ ಅದನ್ನು ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಅಂಗಡಿಗಳಲ್ಲಿ ರಾಜಾರೋಷವಾಗಿ ಇಟ್ಟಿರುತ್ತಾರೆ ಎನ್ನುವುದು ನಿಮ್ಮ ಪರ ಸಾಕ್ಷಿಯಾಗುವುದಿಲ್ಲ.

ಉಪ್ಪಿನಕಾಯಿ ನಡೆಯುತ್ತದೆ, ಆದರೆ ಕೈ ಅಳತೆಯಲ್ಲಿ ಬೇಡ. ಉಪ್ಪೇ ಕಾಪಾಡಬೇಕಾದ ಉಪ್ಪಿನಕಾಯಿಯಲ್ಲಿ ಉಪ್ಪು 12%ಕ್ಕೆ ಕಡಿಮೆ ಇರಬಾರದು. ವಿನೆಗರ್‌ನದಾದರೆ ಹುಳಿ, ಅಸಿಟಿಕ್ ಆಮ್ಲದ ಲೆಕ್ಕದಲ್ಲಿ, 2% ಇರಬೇಕು. ಕಣಿಲೆ (ಎಳೆ ಬಿದಿರು), ಅಣಬೆ ಇಂಥವು ತಾವಾಗಿ ಹುಳಿಯಿಲ್ಲದವು. ಸಾಕಷ್ಟು ಹುಳಿ ಹಿಡಿಸದೆ ಎಣ್ಣೆಯಲ್ಲಿ ಮುಳುಗಿಸಿ ಮುಚ್ಚಿಟ್ಟರೆ ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ಬಾಟುಲಿಸಂ ವಿಷಕ್ಕೆ ಹೇಳಿ ಮಾಡಿಸಿದ ಜಾಗ. ಕಣ್ಣಿಗೆ, ಮೂಗಿಗೆ ಏನೂ ಗೊತ್ತಾಗದೆಯೂ ಇರಬಹುದು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದೆಯೇ ಎಂದು ಪ್ರತಿ ಬ್ಯಾಚಿನಲ್ಲೂ ಮೀಟರ್‌ನಿಂದ ನೋಡಿ ಬರೆದಿಡಿ. ಕಣಿಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸುವ ಅಜ್ಜಿಯರ ಕ್ರಮ ಬಿಡಬೇಡಿ, ಅದರಲ್ಲಿರುವ ಸಯನೈಡ್ ಅಂಶ ಇಳಿಯುವುದು ಹಾಗೆಯೇ. ಕಣಿಲೆ ನಿಮ್ಮ ತೋಟದ್ದಾಗಿರಲಿ, ಮೀಸಲು ಅರಣ್ಯದ್ದಲ್ಲ.

ಜೇನಿನಲ್ಲಿ ತೇವ 20% ಮೀರಬಾರದು. ಕೊಡಗಿನ ಮಳೆಗಾಲದ ಗಾಳಿಗೆ ಬಾಯಿ ತೆರೆದಿಟ್ಟ ಡಬ್ಬ ತಾನಾಗಿ ನೀರೆಳೆದುಕೊಂಡು ನೊರೆಯಾಗಿ ಹುಳಿಯುತ್ತದೆ. ಹಾಗಾಗಿ ತುಂಬುವ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿ. ಕಾಚಂಪುಳಿಯದು, ಅಂದರೆ ಹುಳಿಹಣ್ಣಿನ ರಸದಿಂದ ಮಾಡುವ ಕೊಡಗಿನ ಕಪ್ಪು ಹುಳಿಯದು, ತಿರುವು ಮುರುವು: ಹಣ್ಣು ಉದುರುವುದೇ ಮಳೆಯಲ್ಲಿ, ಕುದಿಸಿ ಕಪ್ಪಗೆ ಇಳಿಸಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಕಕ್ಕಡದ ಪರೀಕ್ಷೆಯಲ್ಲಿ ಮೊದಲ ದರ್ಜೆ ಅದಕ್ಕೇ. ಗಾಜಿನ ಬಾಟಲಿಗೆ ತಗಡಿನ ಮುಚ್ಚಳ ಮಾತ್ರ ಬೇಡ, ಹುಳಿ ಅದನ್ನು ತಿನ್ನುತ್ತದೆ. ಆದರೆ ಒಂದು ಮನೆಗೆ ಒಂದು ಬಾಟಲಿ ವರ್ಷವಿಡೀ ಬರುತ್ತದಲ್ಲ, ಅದೊಂದರಿಂದಲೇ ಸಂಸಾರ ಸಾಗುವುದಿಲ್ಲ.

ಇನ್ನು ಕಾಫಿ ಪುಡಿ. ಕೇಳುವವರಲ್ಲಿ ಬಹುಪಾಲು ಜನರ ಮನಸ್ಸಿನಲ್ಲಿರುವುದು ಇದೇ: "ತೋಟದ ಕಾಫಿ ಇದ್ದೇ ಇದೆಯಲ್ಲ, ಪುಡಿ ಮಾಡಿ ಮಾರಿದರೆ ಬಂದದ್ದೆಲ್ಲ ಲಾಭ." ಎಡವುವುದು ಇಲ್ಲೇ. ತೋಟದ ಕಾಫಿ ಪುಕ್ಕಟೆಯಲ್ಲ. ವ್ಯಾಪಾರಿ ಇವತ್ತು ಮೂಟೆಗೆ ಎಷ್ಟು ಕೊಡುತ್ತಾನೋ ಅದೇ ನಿಮ್ಮ ಅಸಲು. ಬೆಲೆ ದಿನದಿನಕ್ಕೂ ಏರಿಳಿಯುವುದರಿಂದ ಲೆಕ್ಕಕ್ಕೆ ಸುಲಭವಾಗಲೆಂದು 50 ಕೆ.ಜಿ. ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ದಿನದ ದರ ಹಾಕಿ ಇದನ್ನೇ ಮತ್ತೆ ಮಾಡಿ.

ಓಟಿ, ಅಂದರೆ ಒಂದು ಮೂಟೆಯಿಂದ ಸಿಗುವ ಬೀಜದ ತೂಕ, 26 ಬಂದರೆ ಸಿಪ್ಪೆ ಹೋಗಿ 26 ಕೆ.ಜಿ. ಬೀಜ. ಕಪ್ಪು, ಚೂರು, ಹುಳ ಕೊರೆದದ್ದು ಆರಿಸಿದರೆ 24. ಹುರಿದಾಗ ನೀರು ಹೋಗಿ ತೂಕದಲ್ಲಿ ಸುಮಾರು 17% ಇಳಿಯುತ್ತದೆ. ಕೊನೆಗೆ ಕೈಗೆ ಬರುವ ಪುಡಿ 20 ಕೆ.ಜಿ., ಅಂದರೆ ಬೀಜದ ಬೆಲೆಯೇ ಕಿಲೋಗೆ 500. ಕಾಲು ಕಿಲೋ ಪ್ಯಾಕೆಟ್ಟಿಗೆ 125. ಹಲ್ಲಿಂಗ್ (ಸಿಪ್ಪೆ ಬಿಡಿಸುವುದು), ಹುರಿದು ಪುಡಿ ಮಾಡಿಸುವ ಕೂಲಿ ಕಿಲೋಗೆ 40 ಎಂದರೆ ಪ್ಯಾಕೆಟ್ಟಿಗೆ 10, ಪೌಚ್ ಮತ್ತು ಲೇಬಲ್ 12, ನಿಮ್ಮ ಸ್ವಂತ ದುಡಿಮೆ 10, ಸ್ಯಾಂಪಲ್ಲು, ಹರಿದ ಪ್ಯಾಕೆಟ್ಟು, ಓಡಾಟ 5. ಒಟ್ಟು 162.

240 ರೂಪಾಯಿ ಎಂಆರ್‌ಪಿ ಹಾಕಿ ಅಂಗಡಿಗೆ ಕೊಟ್ಟಿರಿ, ಅವರು 25% ಹಿಡಿದುಕೊಂಡರು ಎನ್ನೋಣ. ನಿಮಗೆ ಬರುವುದು 180, ಉಳಿಯುವುದು 18. ಒಂದು ಮೂಟೆಗೆ 80 ಪ್ಯಾಕೆಟ್, ಒಟ್ಟು ಉಳಿಕೆ 1,440. ಅದೂ ಅಂಗಡಿಯವರು ಹಣ ಕೊಟ್ಟ ಮೇಲೆ. ಅದೇ ಪ್ಯಾಕೆಟ್ಟನ್ನು ನೀವೇ ಮನೆಗೆ ಮುಟ್ಟಿಸಿದರೆ 78 ಉಳಿಯುತ್ತದೆ. ಹೀಗಾಗಿ ಮನೆಯ ಕಾಫಿ ಪುಡಿ ವ್ಯಾಪಾರವೆಂದರೆ ಪುಡಿ ಮಾಡುವುದಕ್ಕಿಂತ ಮನೆಗಳನ್ನು ಕೂಡಿಸುವುದು. ತಿಂಗಳಿಗೆ ಅರ್ಧ ಕಿಲೋ ಕುಡಿಯುವ 30 ಮನೆಗಳು ಸಿಕ್ಕರೆ 60 ಪ್ಯಾಕೆಟ್, 4,680 ರೂಪಾಯಿ. ಮೈಸೂರು, ಬೆಂಗಳೂರಿಗೆ ಕೊರಿಯರ್ ಆದರೆ ಆ ಖರ್ಚನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿ, 78ರೊಳಗೆ ನುಂಗಿಕೊಳ್ಳಬೇಡಿ. ಪ್ರವಾಸಿ ಡಿಸೆಂಬರಿನಲ್ಲಿ ಒಮ್ಮೆ ಕೊಳ್ಳುತ್ತಾನೆ, ಮನೆ ಕಕ್ಕಡದಲ್ಲಿ ಇನ್ನೂ ಹೆಚ್ಚು ಕಾಫಿ ಕುಡಿಯುತ್ತದೆ.

ಆ 30 ಮನೆಗಳಿಗೆ ವರ್ಷಕ್ಕೆ 180 ಕೆ.ಜಿ. ಪುಡಿ, ಅಂದರೆ 9 ಮೂಟೆ ಚೆರ್ರಿ ಬೇಕು. ರೋಬಸ್ಟಾ ಕೊಯ್ಲು ಮುಗಿದಾಗ ಎತ್ತಿಟ್ಟದ್ದೇ ಮುಂದಿನ ಕೊಯ್ಲಿನವರೆಗೆ ಬರಬೇಕು. 90,000 ರೂಪಾಯಿ ಮನೆಯಲ್ಲಿ ಮೂಟೆಯಾಗಿ ಕೂತಿರುತ್ತದೆ. ಕಣದಲ್ಲಿ ತೇವ 11%ಕ್ಕೆ ಇಳಿಯುವವರೆಗೆ ಒಣಗಿಸಿ, ಗೋಡೆಗೆ ತಾಗದಂತೆ ಹಲಗೆ ಮೇಲಿಡಿ. ಒಂದೇ ಸಲ ಹಲ್ಲಿಂಗ್ ಮಾಡಿಸಬೇಡಿ. ಸಿಪ್ಪೆಯೇ ಬೀಜಕ್ಕೆ ಅಂಗಿ, ಬಿಚ್ಚಿದ ಬೀಜ ಮಳೆಗಾಲದಲ್ಲಿ ನೀರೆಳೆದು ಬಿಳುಚಿ ರುಚಿ ಕಳೆದುಕೊಳ್ಳುತ್ತದೆ. ಬೇಕಾದಷ್ಟೇ ತಿಂಗಳು ತಿಂಗಳು ಬಿಡಿಸಿ.

ಹುರಿದ ಬೀಜ ಇಂಗಾಲದ ಡೈ ಆಕ್ಸೈಡ್ ಬಿಡುತ್ತಲೇ ಇರುತ್ತದೆ. ಬಿಸಿ ಆರಿದ ಕೂಡಲೇ ಪ್ಯಾಕ್ ಮಾಡಿದರೆ ಮರುದಿನ ಪೌಚು ದಿಂಬಿನಂತೆ ಉಬ್ಬಿ ಹೊಲಿಗೆ ಬಿಡುತ್ತದೆ. ಒಂದು ದಿನ ಮುಚ್ಚಿಟ್ಟು ಪುಡಿ ಮಾಡಿಸಿ. ಇಡೀ ಬೀಜವನ್ನೇ ಮಾರುವುದಾದರೆ ಗಾಳಿ ಹೊರಗೆ ಮಾತ್ರ ಬಿಡುವ ವಾಲ್ವ್ ಇರುವ ಪೌಚ್ ಕೊಳ್ಳಿ. ಪಾರದರ್ಶಕ ಪ್ಲಾಸ್ಟಿಕ್ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಮಳೆಗಾಲ ತಡೆಯುವುದು ಒಳಗೆ ಅಲ್ಯುಮಿನಿಯಂ ಪದರ ಇರುವ ಪೌಚು. ಸೀಲ್ ಹಾಕುವ ಅಂಚಿನಲ್ಲಿ ಪುಡಿ ಅಂಟಿದ್ದರೆ ಸೀಲ್ ಹಿಡಿಯುವುದಿಲ್ಲ, ಒಳಗಿನದು ವಾರದಲ್ಲಿ ಹೆಪ್ಪುಗಟ್ಟುತ್ತದೆ. ಪ್ರತಿ ಬ್ಯಾಚಿನ ಒಂದು ಪ್ಯಾಕೆಟ್ಟನ್ನು ಮಾರದೆ ಅಡುಗೆಮನೆ ಕಪಾಟಿನಲ್ಲಿಟ್ಟು ತಿಂಗಳಿಗೊಮ್ಮೆ ನೋಡಿ. 'ಇಷ್ಟು ತಿಂಗಳೊಳಗೆ ಬಳಸಿ' ಎಂಬ ಅಂಕಿ ಹಾಕಲು ಅದೂ ಒಂದು ಆಧಾರ.

ಚಿಕೋರಿ ಬೆರೆಸಿದರೆ ಶೇಕಡಾ ಎಷ್ಟೆಂದು ಪ್ಯಾಕೆಟ್ ಮೇಲೆ ಬರೆಯಲೇಬೇಕು, ಕಾಫಿ 51%ಕ್ಕೆ ಕಡಿಮೆಯಾಗುವಂತಿಲ್ಲ. 'ಕೂರ್ಗ್ ಅರೇಬಿಕಾ'ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಚೀಲದಲ್ಲಿರುವುದು ರೋಬಸ್ಟಾ ಆದರೆ ರೋಬಸ್ಟಾ ಎಂದೇ ಬರೆಯಿರಿ, ನಾಚಿಕೆ ಪಡುವಂಥದ್ದೇನಿಲ್ಲ.

ಕಾಗದಪತ್ರ ಜನ ಹೆದರುವಷ್ಟಿಲ್ಲ. ಸಣ್ಣ ವಹಿವಾಟಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕು, ಅವರು ಕೊಡುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಬರಬೇಕು. ಜೊತೆಗೆ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ದಿನಾಂಕ, ಬ್ಯಾಚ್ ನಂಬರ್, ಎಂಆರ್‌ಪಿ, ಸಸ್ಯಾಹಾರದ ಹಸಿರು ಗುರುತು, ದೂರಿಗೆ ಫೋನ್ ನಂಬರ್. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಹಣ ಕೇಳುವ ವೆಬ್‌ಸೈಟು ಸರ್ಕಾರದ್ದಲ್ಲ. ರಾಜ್ಯದೊಳಗೆ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೆ ಕೇರಳದ ಗಿರಾಕಿಗೆ ಒಂದು ಪ್ಯಾಕೆಟ್ ಮಾರಿದರೂ ನಿಯಮ ಬೇರೆ. ಗಡಿಯ ಕುಟ್ಟ, ಮಾಕುಟ್ಟ ಕಡೆಯವರು ಮೊದಲೇ ತಿಳಿದಿರಿ.

"ಮೆಷಿನ್‌ಗೆ ಸಾಲ ಮಾಡಲಾ?" ಇದು ಎರಡನೆಯ ಪ್ರಶ್ನೆ. ಕಿರು ಆಹಾರ ಉದ್ದಿಮೆಗಳ ಸಾಲಕ್ಕೆ ಸಬ್ಸಿಡಿ ಕೊಡುವ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೊಡಗಿನ ಉತ್ಪನ್ನವೆಂದು ಗುರುತಿಸಿರುವುದು ಕಾಫಿಯನ್ನೇ. ಯೋಜನೆಯ ಸಬ್ಸಿಡಿ 35%, ಗರಿಷ್ಠ 10 ಲಕ್ಷ. ಅದು ಕೈಗೆ ಬರುವ ಹಣವಲ್ಲ. ಬ್ಯಾಂಕಿನಲ್ಲೇ ಇದ್ದು, ಸಾಲ ಸರಿಯಾಗಿ ಕಟ್ಟುತ್ತ ಬಂದರೆ ಮೂರು ವರ್ಷದ ಮೇಲೆ ಹೊಂದಾಣಿಕೆಯಾಗುತ್ತದೆ. ಕಂತು ಮೊದಲೇ ಶುರು. 2 ಲಕ್ಷ ಸಾಲಕ್ಕೆ 11% ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 4,350. ಮೇಲಿನ 30 ಮನೆಗಳಿಂದ ಬಂದದ್ದು 4,680. ಇನ್ನು ಮನೆಯಲ್ಲೇ ಹುರಿದುಕೊಂಡದ್ದಕ್ಕೆ ಉಳಿಯುವ ಕೂಲಿ, 15 ಕೆ.ಜಿ.ಗೆ ಹೆಚ್ಚೆಂದರೆ ತಿಂಗಳಿಗೆ 600. ಮನೆಗಳು ನೂರು ದಾಟುವವರೆಗೆ ಪೇಟೆಯಲ್ಲಿ ಕೂಲಿಗೆ ಹುರಿಸಿ.